ಬಣ್ಣ ಹಚ್ಚದೆ ನೋಡುವುದು

ಮರೀನಾ ಎದುರಿನ ಪ್ರೆಸಿಡೆನ್ಸಿ ಕಾಲೇಜು ಬಸ್ಸಿನಿಂದ ಕಂಡರೆ, ಮೂವತ್ತು ವರ್ಷವಾದರೂ ನನ್ನ ಕತ್ತು ತಾನಾಗಿ ಅತ್ತ ತಿರುಗುತ್ತದೆ. ಸಿ.ವಿ. ರಾಮನ್ ಓದಿದ್ದು ಅಲ್ಲಿ. ಸ್ಪೆಕ್ಟ್ರೋಮೀಟರಿನಲ್ಲಿ ಪ್ರಿಸಂನ ಕೋನ ಅಳೆಯುತ್ತಿದ್ದ ಹುಡುಗನಿಗೆ ಬೆಳಕಿನ ಪಟ್ಟೆಗಳು ಎರಡೂ ಕಡೆ ಒಂದೇ ಥರ ಇಲ್ಲವಲ್ಲ ಅನ್ನಿಸಿತು. ಅದೇ 1906ರಲ್ಲಿ ಲಂಡನ್ನಿನ 'ಫಿಲಸಾಫಿಕಲ್ ಮ್ಯಾಗಜೀನ್'ನಲ್ಲಿ ಅವರ ಮೊದಲ ಲೇಖನವಾಯಿತು.

ಪ್ರಿಸಂ, ಕೋನ, ಬೆಳಕು... ಈಚೆಗೆ ಇವು ನಮ್ಮ ಮನೆಯೊಳಗೂ ಬಂದಿವೆ ಮಾರಾಯ್ರೆ.

ನನ್ನಾಕೆಗೆ ರುಮಟಾಯ್ಡ್ ಆರ್ಥ್ರೈಟಿಸ್. ಹದಿನೈದು ದಿನಕ್ಕೊಂದು ಅಡಾಲಿಮುಮ್ಯಾಬ್ ಇಂಜೆಕ್ಷನ್. ಒಂದು ವರ್ಷ ಚೆನ್ನಾಗಿಯೇ ಇದ್ದಳು. ಆಮೇಲೆ ಬೆಳಗಾದರೆ ಬಳೆ ಏರಿಸಲಾರದಷ್ಟು ಬೆರಳು ಬಿಗಿ. "ಮೈಯೇ ಔಷಧಿಯ ಮೇಲೆ ಪ್ರತಿಕಾಯ ಹುಟ್ಟಿಸಿರಬಹುದು" ಅಂದರು ಡಾಕ್ಟರು. ಎಲೈಸಾ ಪರೀಕ್ಷೆ ಮಾಡಿಸಿದೆವು. 'ಇಲ್ಲ' ಅಂತ ಬಂತು.

ಇಲ್ಲ ಅಂದರೆ ನಿಜಕ್ಕೂ ಇಲ್ಲವೇ? ನಿದ್ದೆ ಬಾರದೆ ಓದಿದೆ. ಎಲೈಸಾದಲ್ಲಿ ಬಣ್ಣ ಬರಿಸುವ ಕಿಣ್ವವೊಂದನ್ನು ಗುರುತಿಗೆ ಅಂಟಿಸುತ್ತಾರೆ, ನಡುನಡುವೆ ತೊಳೆಯುತ್ತಾರೆ. ಸಡಿಲವಾಗಿ ಹಿಡಿದುಕೊಂಡ ಪ್ರತಿಕಾಯ ಆ ತೊಳೆಯುವುದರಲ್ಲೇ ಹೋಗಿಬಿಡಬಹುದು.

ಗುರುತೇ ಅಂಟಿಸದ ದಾರಿಯೂ ಇದೆ: ಸರ್ಫೇಸ್ ಪ್ಲಾಸ್ಮಾನ್ ರೆಸೊನೆನ್ಸ್. ಗಾಜಿನ ಮೇಲೆ ಸುಮಾರು 50 ನ್ಯಾನೋಮೀಟರ್ ದಪ್ಪದ ಚಿನ್ನ (ಟಿ. ನಗರದ ಅಂಗಡಿಯವರು ಕೇಳಿದರೆ ನಕ್ಕಾರು!). ಕೆಳಗಿನಿಂದ ಪ್ರಿಸಂ ಮೂಲಕ ಬೆಳಕು ಬಿಟ್ಟರೆ, ಒಂದು ಕೋನದಲ್ಲಿ ಚಿನ್ನದ ಎಲೆಕ್ಟ್ರಾನುಗಳು ಅದನ್ನು ನುಂಗಿ, ಪ್ರತಿಫಲನ ಮಂಕಾಗುತ್ತದೆ. ಇನ್ನೊಂದು ಬದಿಗೆ ಔಷಧಿಯನ್ನು ಕೂರಿಸಿ ಮೇಲೆ ಸೀರಂ ಹರಿಸಬೇಕು. ಏನಾದರೂ ಅಂಟಿತೋ, ಅಲ್ಲಿನ ವಕ್ರೀಭವನಾಂಕ ಬದಲಾಗಿ ಆ ಮಂಕಿನ ಕೋನ ಜರುಗುತ್ತದೆ. ಅಂಟುವುದೂ ಬಿಡುವುದೂ ನಡೆಯುತ್ತಿರುವಾಗಲೇ ಗೆರೆಯಾಗಿ ಕಾಣುತ್ತದೆ. ಬೇಗ ಬಂದು ಬೇಗ ಹೋಗುವವರೂ ಸಿಕ್ಕಿಬೀಳುತ್ತಾರೆ. ಕ್ರೆಚ್‌ಮನ್ ಈ ಪ್ರಿಸಂ ಜೋಡಣೆ ತೋರಿಸಿದ್ದು 1968ರಲ್ಲಿ. ಸ್ವೀಡನ್ನಿನ ಬಿಯಾಕೋರ್ ಯಂತ್ರ ಮಾರುಕಟ್ಟೆಗೆ ಬಂದದ್ದು 1990ರಲ್ಲಿ.

ಹಾಗಂತ ಇದು ದೇವರಲ್ಲ. ಸೀರಂ ತುಂಬ ನೂರಾರು ಪ್ರೋಟೀನುಗಳು. ಬೇಡದ್ದು ಅಂಟಿದರೂ ಕೋನ ಜರುಗುತ್ತದೆ. ಬಂದವರು ಯಾರೆಂದು ಬೆಳಕು ಹೇಳುವುದಿಲ್ಲ. ಅದಕ್ಕೇ ಪಕ್ಕದಲ್ಲಿ ಔಷಧಿ ಇಲ್ಲದ ಚಿನ್ನವನ್ನೂ ಇಟ್ಟು ಲೆಕ್ಕ ಕಳೆಯುತ್ತಾರೆ.

ಡಾಕ್ಟರಿಗೆ ಹೇಳಿದೆ. ಬೇಸರಿಸಲಿಲ್ಲ ಪುಣ್ಯಾತ್ಮರು. "ಅದು ಹೆಚ್ಚಾಗಿ ಸಂಶೋಧನೆಯ ಲ್ಯಾಬುಗಳಲ್ಲಿ ಸರ್. ನಾನು ಅವರ ಬೆರಳು ನೋಡಿಯೇ ಔಷಧಿ ಬದಲಿಸ್ತೀನಿ" ಅಂದರು.

"ರೀ, ಇದನ್ನ ನಾನು ಮೊದಲೇ ಹೇಳಿದ್ದೆ" ಅಂದಳು ಇವಳು, ಆಟೋದಲ್ಲಿ. ಹೊಸ ಇಂಜೆಕ್ಷನ್ ಶುರುವಾಗಿ ಆರು ವಾರ. ಬಲಗೈಗೆ ಎರಡು ಬಳೆ ಏರಿವೆ, ಎಡಗೈ ಇನ್ನೂ ಬರಿದು.