ಸಾಲಿನ ಕೊನೆಯ ಎರಡು ಸ್ಪೇಸ್

ಈ ಕಿರುಹೊತ್ತಿಗೆಯನ್ನು ಮಾಡುವವರು ನಾವು ನಾಲ್ಕು ಜನ. ನಾಲ್ವರೂ ಊರಲ್ಲಿ ಇಂಜಿನಿಯರಿಂಗ್ ಮುಗಿಸಿ ಜರ್ಮನಿಗೆ ಮಾಸ್ಟರ್ಸ್ ಮಾಡೋಕೆ ಬಂದವರು. ಹೋದ ವರ್ಷ ಕೆಲಸ ಶುರು ಮಾಡುವ ಮೊದಲು ಹಳೆಯ ಸಂಚಿಕೆಗಳ ಫೈಲ್ ಕೊಡಿ ಅಂತ ಸೀನಿಯರ್‌ಗಳನ್ನು ಕೇಳಿದೆವು. ಪಾಪ, ಹುಡುಕಿ ಕಳಿಸಿದರು. ತೆರೆದರೆ ಅಕ್ಷರಗಳ ಜಾಗದಲ್ಲಿ ಬರೀ ವಿಚಿತ್ರ ಚಿಹ್ನೆಗಳು. ಯೂನಿಕೋಡ್ ಅಲ್ಲದ ಯಾವುದೋ ಫಾಂಟ್‌ನಲ್ಲಿ ಟೈಪ್ ಮಾಡಿದ್ದು; ಆ ಫಾಂಟ್ ಇಲ್ಲದ ನಮ್ಮ ಲ್ಯಾಪ್‌ಟಾಪ್‌ಗೆ ಅದು ಕನ್ನಡವೇ ಅಲ್ಲ. ನಮಗಿಂತ ಮುಂಚೆ ಇಲ್ಲಿ ಚಳಿಗೆ ನಡುಗಿದವರು ಏನು ಬರೆದಿದ್ದರೋ, ಇವತ್ತಿಗೂ ನಾವು ಓದಿಲ್ಲ.

ಆವತ್ತೇ ತೀರ್ಮಾನ ಮಾಡಿದೆವು, ಇನ್ನು ಮುಂದೆ ಎಲ್ಲ ಯೂನಿಕೋಡ್, ಎಲ್ಲ ಮಾರ್ಕ್‌ಡೌನ್. ವಾಟ್ಸಾಪ್‌ನಲ್ಲಿ ಪದದ ಎರಡೂ ಕಡೆ ಸ್ಟಾರ್ ಹಾಕಿ ದಪ್ಪ ಮಾಡ್ತೀವಲ್ಲ, ಇದು ಅದರ ಅಣ್ಣ ಅನ್ನಿ. ಶೀರ್ಷಿಕೆಯ ಮುಂದೆ ಒಂದು ಹ್ಯಾಶ್, ದಪ್ಪಕ್ಕೆ ಎರಡೆರಡು ಸ್ಟಾರ್, ಪಟ್ಟಿಗೆ ಒಂದು ಹೈಫನ್, ಅಷ್ಟೇ. 2004ರಲ್ಲಿ ಜಾನ್ ಗ್ರೂಬರ್ ಮಾಡಿದ್ದು, ಆರನ್ ಸ್ವಾರ್ಟ್ಜ್ ಕೈಜೋಡಿಸಿದ್ದರು. ಏನೂ ಸಾಫ್ಟ್‌ವೇರ್ ಇಲ್ಲದೆ ಹಾಗೇ ತೆರೆದರೂ ಓದೋಕೆ ಆಗಬೇಕು ಅನ್ನೋದೇ ಅದರ ಉದ್ದೇಶ. ನಮಗೆ ಬೇಕಾಗಿದ್ದೂ ಅದೇ.

ಕನ್ನಡಕ್ಕೆ ಮಾತ್ರ ಅದು ಸುಲಭವಾಗಿ ಒಗ್ಗಲಿಲ್ಲ. ಪ್ಯಾಂಡಾಕ್‌ನಿಂದ ತೆಗೆದ ಮೊದಲ ಪಿಡಿಎಫ್‌ನಲ್ಲಿ ಕನ್ನಡವೇ ಇರಲಿಲ್ಲ. ಝೀಲಾಟೆಕ್ ಬಳಸು, ನೋಟೊ ಸೆರಿಫ್ ಕನ್ನಡ ಫಾಂಟ್ ತಗೋ ಅಂತ ಹೇಳಿಕೊಟ್ಟ ಮೇಲೆ ಒತ್ತಕ್ಷರಗಳು ಸರಿಯಾಗಿ ಕೂತವು. ಆಮೇಲೆ ವಿಭಕ್ತಿ ಪ್ರತ್ಯಯದ ತಕರಾರು. ಪುಸ್ತಕದ ಹೆಸರನ್ನು ಓರೆಯಾಗಿಸಲು ಎರಡೂ ಕಡೆ ಅಂಡರ್‌ಸ್ಕೋರ್ ಹಾಕಿದೆವು. ಇಂಗ್ಲಿಷಿನಲ್ಲಿ ಹೆಸರಾದ ಮೇಲೆ ಸ್ಪೇಸ್ ಬರುತ್ತೆ, ನಮ್ಮಲ್ಲಿ 'ಚೋಮನ ದುಡಿ'ಗೆ 'ಯಲ್ಲಿ' ಅಂಟಿಕೊಂಡೇ ಬರುತ್ತೆ. ಅಂಡರ್‌ಸ್ಕೋರ್ ಆದ ತಕ್ಷಣ ಅಕ್ಷರ ಕಂಡರೆ ಮಾರ್ಕ್‌ಡೌನ್ ಅದನ್ನು ಮುಕ್ತಾಯ ಅಂತ ಒಪ್ಪಲ್ಲ. ಗೆರೆ ಹಾಗೇ ಪುಟದ ಮೇಲೆ ಉಳಿಯಿತು. ಸ್ಟಾರ್ ಹಾಕಿದರೆ ಒಪ್ಪುತ್ತೆ. ಆದರೆ ನಮ್ಮ ದುಂಡಕ್ಷರ ವಾಲಿದರೆ ಕುಡಿದು ಬಂದ ಹಾಗೆ ಕಾಣುತ್ತೆ ಅಂತ ಕೊನೆಗೆ ಅದನ್ನೂ ಕೈಬಿಟ್ಟು ಉದ್ಧರಣ ಚಿಹ್ನೆಗೆ ಬಂದೆವು.

ಇವೆಲ್ಲ ನಗುವ ವಿಷಯ. ನಗೋಕೆ ಆಗದಿದ್ದು ಒಂದಿದೆ.

ಒಬ್ಬ ಜೂನಿಯರ್ ತನ್ನ ಅಪ್ಪನ ಮೇಲೆ ಹದಿನಾರು ಸಾಲಿನ ಪದ್ಯ ಕೊಟ್ಟಿದ್ದ. ಅಪ್ಪ ತೀರಿಕೊಂಡಾಗ ಅವನಿಗೆ ಊರಿಗೆ ಹೋಗೋಕೆ ಆಗಿರಲಿಲ್ಲ. ಮಾರ್ಕ್‌ಡೌನ್‌ನಲ್ಲಿ ಬರೀ ಎಂಟರ್ ಒತ್ತಿದರೆ ಸಾಲು ಮುರಿಯಲ್ಲ, ಸಾಲಿನ ಕೊನೆಗೆ ಎರಡು ಸ್ಪೇಸ್ ಬೇಕು. ನಮಗೆ ಗೊತ್ತಿತ್ತು, ಹಾಕಿದ್ದೆವು ಕೂಡ. ಆದರೆ ಸಾಲಿನ ಕೊನೆಯ ಖಾಲಿ ಜಾಗವನ್ನು ಸೇವ್ ಮಾಡುವಾಗ ಅಳಿಸು ಅಂತ ನಮ್ಮ ಎಡಿಟರ್‌ಗೆ, ಕೋಡ್ ಚೊಕ್ಕಟವಾಗಿರಲಿ ಅಂತ, ನಾವೇ ಎಂದೋ ಹೇಳಿಟ್ಟಿದ್ದೆವು. ರಾತ್ರಿ ಎರಡು ಗಂಟೆಗೆ ಕೊನೆಯ ಪಿಡಿಎಫ್ ತೆಗೆದು, ಮುಖಪುಟ ಒಂದನ್ನೇ ನೋಡಿ ಎಲ್ಲರಿಗೂ ಕಳಿಸಿದೆವು. ಹದಿನಾರು ಸಾಲೂ ಕೂಡಿಕೊಂಡು ಒಂದೇ ಪ್ಯಾರಾ ಆಗಿತ್ತು.

ಅವನು ಜಗಳ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಎಷ್ಟೋ ದಿನದ ಮೇಲೆ ನಾವೇ ಕೇಳಿದಾಗ ಹೇಳಿದ: ಅಮ್ಮ ಆ ಪುಟವನ್ನು ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ವರ್ಷದ ತಿಥಿಗೆ ಬಂದ ನೆಂಟರ ಮುಂದೆ ಓದಿದರಂತೆ. ಆಮೇಲೆ ಫೋನ್ ಮಾಡಿ, "ಚೆನ್ನಾಗಿ ಬರ್ದಿದೀಯ ಮಗ. ಆದ್ರೆ ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತಾಗ್ಲಿಲ್ಲ" ಅಂದರಂತೆ.

ನಾವು ನಾಲ್ವರೂ ಸುಮ್ಮನೆ ಕೂತೆವು. ಆಮೇಲೆ ಎಡಿಟರ್‌ನ ಆ ಸೆಟ್ಟಿಂಗ್ ತೆಗೆದು, ಪದ್ಯವನ್ನು ಮತ್ತೆ ಜೋಡಿಸಿ, ಅವನ ಪಕ್ಕದಲ್ಲೇ ಕೂತು ಒಂದೊಂದೇ ಸಾಲು ನೋಡಿ ಅಮ್ಮನಿಗೆ ಕಳಿಸಿದೆವು. ಅದನ್ನೂ ಪ್ರಿಂಟ್ ತೆಗೆಸಿದ್ದಾರಂತೆ. ಹಳೆಯದನ್ನು ಎಸೆದಿಲ್ಲವಂತೆ.

ಈ ಸಲ ಪದ್ಯಗಳಿಗೆ ಸ್ಪೇಸ್ ನಂಬಿಲ್ಲ. ಪ್ಯಾಂಡಾಕ್‌ನಲ್ಲಿ ಪ್ರತಿ ಸಾಲಿನ ಮುಂದೆ ಒಂದು ನಿಂತ ಗೆರೆ ಹಾಕಿದರೆ ಸಾಲು ಇದ್ದ ಹಾಗೇ ಉಳಿಯುತ್ತೆ. ಹಳೆಯ ಪುಸ್ತಕದ ದಂಡ ದಾರಿ ತಪ್ಪಿ ಸಾಲಿನ ಶುರುವಿಗೆ ಬಂದು ನಿಂತ ಹಾಗೆ ಕಾಣುತ್ತೆ, ಆದರೆ ಕಾಣುತ್ತೆ. ಈ ಸಂಚಿಕೆಯಲ್ಲೂ ಅವನದೊಂದು ಪದ್ಯ ಇದೆ. ಕಳಿಸುವ ಮೊದಲು ನಾಲ್ವರೂ ಜೋರಾಗಿ ಓದಿ ನೋಡಿದ್ದೇವೆ.