ಪದಗಳ ಪೋಸ್ಟ್ – ಭಾಗ 6: ಕಡ್ಡಿ ಮುರಿದಂಗೆ

"ಏನಿದ್ರೂ ನೇರವಾಗಿ ಹೇಳು" ಅಂತ ಎಲ್ಲರೂ ಅಂತಾರೆ. ಹೇಳಿದ ಮೇಲೆ "ಎಷ್ಟು ನಿಷ್ಠುರ ಇವಳು" ಅನ್ನೋದೂ ಅವರೇ. ನಿಮಗೂ ಆಗಿರತ್ತೆ, ಅಲ್ವಾ?

ಅದಕ್ಕೇ ಈ ಸಲ ಈ ಪದಗಳನ್ನ ಹಿಡ್ಕೊಂಡು ಕೂತೆ. ಕಡ್ಡಿ ಮುರಿದಂತೆ ಹೇಳೋದು, ಖಂಡಿತವಾಗಿ ಹೇಳೋದು. ನೋಡಿ, ಎರಡರಲ್ಲೂ ಏನೋ ಮುರೀತಿದೆ! 'ಖಂಡಿತ' ಅಂದ್ರೆ ಸಂಸ್ಕೃತದಲ್ಲಿ ತುಂಡಾದದ್ದು. ಹಿಂದಿಯಲ್ಲಿ ಇವತ್ತಿಗೂ ಅದೇ ಅರ್ಥ. ನಾವು ಮಾತ್ರ "ಮದುವೆಗೆ ಖಂಡಿತ ಬರ್ತೀನಿ" ಅಂತೀವಿ (ಹಾಗಂದವರು ಬರಲ್ಲ, ಅದು ಬೇರೆ ಕಥೆ). ನಿಷ್ಠುರ ಅಂದ್ರೆ ಮೂಲದಲ್ಲಿ ಕಠಿಣ, ಕ್ರೂರ. ಆದ್ರೆ ನಮ್ಮಲ್ಲಿ "ನಿಷ್ಠುರ ಕಟ್ಕೊಂಡ್ರು" ಅಂದ್ರೆ ಸಂಬಂಧವೇ ಕೆಟ್ಟಿತು ಅಂತ. ನೇರ ಮಾತಿಗಿರೋ ಪದಗಳಲ್ಲೇ ಇಷ್ಟು ಭಯ ಇದ್ರೆ ಬಾಯಿ ಬಿಡೋದು ಹೇಗೆ ಹೇಳಿ?

ಅದಕ್ಕೇ ನಮ್ಮ ಹತ್ರ "ನೋಡೋಣ" ಇದೆ.

ಮೂರು ವರ್ಷದ ಹಿಂದೆ ದೂರದ ನೆಂಟರೊಬ್ಬರು ಸಾಲಕ್ಕೆ ಜಾಮೀನು ನಿಲ್ಲಿ ಅಂತ ಅಪ್ಪನ್ನ ಕೇಳಿದ್ರು. ಅಪ್ಪ "ನೋಡೋಣ" ಅಂದ್ರು. ಅಪ್ಪನ ಭಾಷೆಯಲ್ಲಿ ಅದು "ಇಲ್ಲ". ಅವರಿಗೆ ಕೇಳಿಸಿದ್ದು "ಹೂಂ". ಮುಂದಿನ ವಾರ ಹಣ್ಣು, ಕಾಗದಪತ್ರ ಎರಡೂ ಹಿಡ್ಕೊಂಡು ಮನೆಗೇ ಬಂದ್ಬಿಟ್ರು. ಆಮೇಲೆ ಬೇಡ ಅನ್ನೋಕೆ ದಾಕ್ಷಿಣ್ಯ. ಸಹಿ ಬಿತ್ತು. ಎಂಟು ತಿಂಗಳಿಗೆ ಕಂತು ನಿಂತಿತು, ನೋಟಿಸ್ ನಮ್ಮ ಮನೆಗೂ ಬಂತು. ಕಡ್ಡಿ ಮುರೀಲಿಲ್ಲ, ನನ್ನ ಓದಿಗೆ ಅಂತ ಇಟ್ಟಿದ್ದ ಎಫ್‌ಡಿ ಮುರೀಬೇಕಾಯ್ತು. "ದಾಕ್ಷಿಣ್ಯಕ್ಕೆ ಬಸಿರಾದ್ರೆ ಹೆರೋಕೆ ಜಾಗ ಇಲ್ಲ" ಅಂತ ಅಜ್ಜಿ ಹೇಳೋ ಗಾದೆ ಅವತ್ತು ಅರ್ಥ ಆಯ್ತು.

ಬಿಕಾಂನವರಿಗೆ ನೆನಪಿರತ್ತೆ, 1872ರ ಇಂಡಿಯನ್ ಕಾಂಟ್ರ್ಯಾಕ್ಟ್ ಆ್ಯಕ್ಟ್. ಸೆಕ್ಷನ್ 128ರ ಪ್ರಕಾರ, ಒಪ್ಪಂದದಲ್ಲಿ ಬೇರೆ ಥರ ಬರೆದಿಲ್ಲ ಅಂದ್ರೆ, ಸಾಲ ತಗೊಂಡವರ ಹೊಣೆ ಎಷ್ಟೋ ಜಾಮೀನು ನಿಂತವರದ್ದೂ ಅಷ್ಟೇ. ನಾನು ಅದನ್ನ ಕ್ಲಾಸಿಗಿಂತ ಮೊದಲು ಮನೇಲೇ ಕಲಿತಿದ್ದೆ. ಸೆಕ್ಷನ್ 7 ಇನ್ನೂ ಮಜಾ: ಒಪ್ಪಿಗೆ ಅನ್ನೋದು ಪೂರ್ತಿ ಇರಬೇಕು, ಷರತ್ತಿಲ್ಲದೆ ಇರಬೇಕು. ಅಂದ್ರೆ ಕಾನೂನಿಗೆ "ನೋಡೋಣ" ಒಪ್ಪಿಗೆ ಅಲ್ಲ. ನೆಂಟರಿಗೆ ಮಾತ್ರ ಧಾರಾಳ ಸಾಕು.

ಇನ್ನೊಂದು ಜಾತಿ ಇದೆ. ಬಯೋದಲ್ಲಿ "ಸ್ಟ್ರೈಟ್ ಫಾರ್ವರ್ಡ್" ಅಂತ ಹಾಕ್ಕೊಂಡು ಕಂಡವರ ಬಣ್ಣ, ತೂಕದ ಬಗ್ಗೆ ಮಾತಾಡೋರು. ಅದಕ್ಕೆ ನೇರ ಅನ್ನಲ್ಲ ಕಣ್ರೋ, ಒರಟು ಅಂತಾರೆ. ನನ್ನಿಂದ ಏನಾಗತ್ತೆ, ಏನಾಗಲ್ಲ ಅಂತ ಹೇಳೋಕೆ ಇನ್ನೊಬ್ಬರ ತೂಕ ಯಾಕೆ ಬೇಕು?

ಹೋದ ತಿಂಗಳು ಪಕ್ಕದ ಬೀದಿಯವರು ಇದೇ ಜಾಮೀನಿನ ವಿಷಯಕ್ಕೆ ಬಂದಿದ್ರು. ಅಮ್ಮ ಕಾಫಿ ಕೊಟ್ಟು, ಎದುರಿಗೆ ಕೂತು, "ಅಣ್ಣಾ, ಸಹಿ ಮಾತ್ರ ನಾವು ಹಾಕಲ್ಲ. ಬೇಜಾರು ಮಾಡ್ಕೋಬೇಡಿ" ಅಂದ್ರು. ದನಿ ಒಂಚೂರೂ ಏರಲಿಲ್ಲ. ಅವರು ಅಪ್ಪನ ಮುಖ ನೋಡಿದ್ರು. ಅಪ್ಪ ಬಿಸ್ಕತ್ ತಟ್ಟೆ ಮುಂದೆ ತಳ್ಳಿದ್ರು, ಅಷ್ಟೇ. ಮೊನ್ನೆ ಅದೇ ಅಂಕಲ್ ಬಸ್ ಸ್ಟಾಪಲ್ಲಿ ಸಿಕ್ಕಿ, "ಪರೀಕ್ಷೆ ಯಾವಾಗಮ್ಮ?" ಅಂತ ಕೇಳಿದ್ರು.

ಹುಬ್ಬಳ್ಳಿಯ ನನ್ನ ಫ್ರೆಂಡ್ ಇದಕ್ಕೆ "ಆಗಂಗಿಲ್ಲ ನೋಡು" ಅಂತಾಳೆ, ಮುಗೀತು. ನಿಮ್ಮ ಊರಲ್ಲಿ ಹೇಗಂತಾರೆ? ಬರೆದು ಕಳಿಸಿ, ಭಾಗ 7ಕ್ಕೆ ಸೇರಿಸ್ತೀನಿ.