ಔಷಧಿಯಂಗಡಿಯ ಲೆಕ್ಕ



ಅಮೆರಿಕದಲ್ಲಿ ನೆಲೆಸಿರುವ ನಿಮ್ಮಲ್ಲೊಬ್ಬರು, ತಮ್ಮ ಬೀದಿಯ ಹಳೆಯ ಔಷಧಿಯಂಗಡಿ ಮುಚ್ಚಿತೆಂದು ಬರೆದಿದ್ದರು. ಗಿರಾಕಿಗಳಿದ್ದೂ ಅಂಗಡಿ ಮುಚ್ಚುವುದೇಕೆ ಎಂಬುದು ಅವರ ಪ್ರಶ್ನೆ. ಅದಕ್ಕೆ ಉತ್ತರವೇ ಈ ಬರಹ.

ನಮ್ಮ ಸಿದ್ದಾಪುರದ ಮೆಡಿಕಲ್ ಶಾಪಿನಲ್ಲಿ ಹಣ ಕೊಡುವವರು ನಾವು, ಪಡೆಯುವವರು ಅಂಗಡಿಯವರು. ಗರಿಷ್ಠ ಬೆಲೆ ಮಾತ್ರೆಯ ಸ್ಟ್ರಿಪ್ಪಿನ ಮೇಲೆಯೇ ಅಚ್ಚಾಗಿರುತ್ತದೆ. 2013ರ ಔಷಧ ಬೆಲೆ ನಿಯಂತ್ರಣ ಆದೇಶದ ಪ್ರಕಾರ, ಅಗತ್ಯ ಔಷಧಗಳ ಬೆಲೆಗೆ ಮಿತಿ ಕಟ್ಟುವಾಗ, ಚಿಲ್ಲರೆ ವ್ಯಾಪಾರಿ ಕೊಳ್ಳುವ ಸರಾಸರಿ ಬೆಲೆಗೆ ಶೇಕಡ 16ರಷ್ಟು ಅವನ ಪಾಲನ್ನು ಸೇರಿಸುತ್ತಾರೆ. ರೋಗಿಗೆ ರಕ್ಷಣೆ, ವ್ಯಾಪಾರಿಗೆ ಅನ್ನ. ಎರಡೂ ಒಂದೇ ಲೆಕ್ಕದಲ್ಲಿವೆ.

ಅಲ್ಲಿ ಹಾಗಲ್ಲ. ರೋಗಿ ಅಲ್ಪಭಾಗ ಕೊಡುತ್ತಾನೆ. ಉಳಿದುದನ್ನು ವಿಮೆಯ ಪರವಾಗಿ ಒಂದು ಮಧ್ಯವರ್ತಿ ಕಂಪನಿ ತೀರಿಸುತ್ತದೆ. ಯಾವ ಮದ್ದಿಗೆ ಎಷ್ಟು ಎಂಬ ಪಟ್ಟಿಯೂ ಅದರದೇ. ಅಂಗಡಿಯವನು ನೂರು ಡಾಲರಿಗೆ ಕೊಂಡ ಮದ್ದಿಗೆ ಪಟ್ಟಿಯಲ್ಲಿ ಎಂಬತ್ತೇ ಇದ್ದರೆ, ಮಾರಿದಷ್ಟೂ ನಷ್ಟ. 2023ರಲ್ಲಿ ಆ ದೇಶದ ಔಷಧ ಚೀಟಿಗಳಲ್ಲಿ ಶೇಕಡ 80ರ ಸಮೀಪದಷ್ಟು ಮೂರೇ ಕಂಪನಿಗಳ ಕೈಯಲ್ಲಿದ್ದವೆಂದ ಮೇಲೆ, ಒಬ್ಬ ಸಣ್ಣ ಅಂಗಡಿಯವನು ಯಾರೊಡನೆ ಚೌಕಾಸಿ ಮಾಡಿಯಾನು?

ಅರ್ಕಾನ್ಸಾಸ್ ರಾಜ್ಯವು 2015ರಲ್ಲಿ ಇದಕ್ಕೆ ಕಾನೂನು ಮಾಡಿತು. ಸಗಟು ಬೆಲೆ ಏರಿದಾಗ ಕಂಪನಿ ತನ್ನ ಪಟ್ಟಿಯನ್ನು ತಡಮಾಡದೆ ತಿದ್ದಬೇಕು. ಕೊಂಡ ಬೆಲೆಗಿಂತ ಕಡಿಮೆ ಸಿಕ್ಕಿದರೆ ಅಂಗಡಿಯವನು ಮೇಲ್ಮನವಿ ಸಲ್ಲಿಸಬಹುದು. ನಷ್ಟಕ್ಕೆ ಮಾರಲು ನಿರಾಕರಿಸಲೂಬಹುದು. ಉದ್ಯೋಗಿಗಳ ಸೌಲಭ್ಯಗಳ ಕುರಿತ 1974ರ ಕೇಂದ್ರ ಕಾನೂನಿಗೆ ಇದು ವಿರುದ್ಧವೆಂದು ಮಧ್ಯವರ್ತಿಗಳ ಸಂಘ ವಾದಿಸಿತು. 2020ರ ಡಿಸೆಂಬರ್ 10ರಂದು ಅಮೆರಿಕದ ಸುಪ್ರೀಂ ಕೋರ್ಟು ಆ ವಾದವನ್ನು ತಳ್ಳಿಹಾಕಿತು. ತೀರ್ಪಿನಲ್ಲಿ ಭಾಗವಹಿಸಿದ ಎಂಟು ನ್ಯಾಯಮೂರ್ತಿಗಳೂ ಒಮ್ಮತದಿಂದಿದ್ದರು.

ಕೊನೆಯ ಆ ನಿರಾಕರಣೆಯ ಹಕ್ಕಿನಲ್ಲಿ ಒಂದು ಕಷ್ಟವಿದೆ. ಅಂಗಡಿ ಉಳಿದೀತು, ಆದರೆ ಮದ್ದು ಸಿಗದೆ ಹಿಂತಿರುಗುವವನು ರೋಗಿ. ಹಾಗಾಗಿ ಪಟ್ಟಿಯ ಬೆಲೆಯೇ ನ್ಯಾಯವಾಗಿರುವುದು ಮುಖ್ಯ.

ನಮಗೇಕೆ ಈ ಪರದೇಶದ ಕಥೆ ಎನ್ನಬೇಡಿ. ನಮ್ಮಲ್ಲಿ ವಿಮೆ ಹೆಚ್ಚಾಗಿ ಆಸ್ಪತ್ರೆಯ ಖರ್ಚಿಗೆ ಸೀಮಿತ. ನಾಳೆ ಅದು ಔಷಧಿಯಂಗಡಿಯ ಬಿಲ್ಲನ್ನೂ ತೀರಿಸತೊಡಗಿದರೆ ಸಂತೋಷವೇ. ಆದರೆ ಅಂಗಡಿಗೆ ಸಲ್ಲುವ ಬೆಲೆಯನ್ನು ಯಾರು, ಯಾವ ಲೆಕ್ಕದಿಂದ ನಿಗದಿ ಮಾಡುತ್ತಾರೆಂದು ಆ ದಿನವೇ ಕೇಳಬೇಕು. ತೋಟದ ಲೈನುಮನೆಯ ಮಗುವಿಗೆ ಸಂಜೆ ಜ್ವರವೇರಿದಾಗ, ವಿರಾಜಪೇಟೆಗೋ ಮಡಿಕೇರಿಗೋ ಓಡದೆ ಇಲ್ಲೇ ಮದ್ದು ಸಿಗುವುದು ಊರಿನ ಅಂಗಡಿಯ ಬಾಗಿಲು ತೆರೆದಿರುವುದರಿಂದಲೇ.